ಆಯಾಸಕ್ಕೆ ಟಾನಿಕ್ಕೇ ಮದ್ದೆ?

ಸಂಜೆ ಏಳರ ಮೇಲೆ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕೆಲವರು ಪತ್ರಿಕೆ ಬಿಡಿಸಿದ ಹತ್ತು ನಿಮಿಷಗಳಲ್ಲಿಯೇ ತೂಕಡಿಸತೊಡಗುತ್ತಾರೆ. ಮುಂಬಯಿಯ ಲೋಕಲ್ ಗಾಡಿಯಲ್ಲಿ ಒಂದು ಗಂಟೆ ನಿಂತು ಬಂದು, ದಿನವಿಡೀ ದುಡಿದ ಮೈ ದಣಿಯುವುದು ಸಹಜವೇ. ಆದರೆ ಭಾನುವಾರ ಮಧ್ಯಾಹ್ನದವರೆಗೆ ಮಲಗೆದ್ದರೂ ದಣಿವು ಹೋಗದೆ, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುವುದಾದರೆ ಅದು ಬರಿಯ ಕೆಲಸದ ಆಯಾಸವೆಂದು ಸುಮ್ಮನಿರಲಾಗದು. ಇಂಥವರಲ್ಲಿ ಹಲವರು ನೇರವಾಗಿ ಔಷಧದ ಅಂಗಡಿಗೆ ಹೋಗಿ, “ಶಕ್ತಿಗೆ ಒಂದು ಟಾನಿಕ್ ಕೊಡಿ” ಎನ್ನುತ್ತಾರೆ. ಊರಿಗೆ ಕಳುಹಿಸಬೇಕಾದ ಹಣದಲ್ಲಿ ಒಂದು ಪಾಲು ಹೀಗೆ ಸೀಸೆಗಳಿಗೆ ಹೋಗುತ್ತದೆ.

ದುಡಿಯುವ ಶಕ್ತಿ ಬರುವುದು ಅನ್ನ, ರೊಟ್ಟಿ, ಬೇಳೆ, ಎಣ್ಣೆಗಳಿಂದ. ಜೀವಸತ್ವದ ಮಾತ್ರೆಯಲ್ಲಿ ಆ ಶಕ್ತಿಯಿಲ್ಲ. ಅನ್ನವು ಸೌದೆಯಾದರೆ ಜೀವಸತ್ವ, ಕಬ್ಬಿಣಗಳು ಒಲೆಗೆ ಬೇಕಾದ ಗಾಳಿಯಿದ್ದಂತೆ. ಗಾಳಿ ಕಡಿಮೆಯಾದಲ್ಲಿ ಊದಿದರೆ ಉರಿ ಏಳುತ್ತದೆ. ಸೌದೆಯೇ ಇಲ್ಲದಲ್ಲಿ ಎಷ್ಟು ಊದಿದರೇನು? ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಎರಡು ಚಹಾ, ಹನ್ನೊಂದಕ್ಕೆ ಒಂದು ವಡಾಪಾವ್, ಮೂರಕ್ಕೆ ಊಟ ಎಂಬ ದಿನಚರಿಯವರು ಟಾನಿಕ್ಕಿಗೆ ಕೊಡುವ ಹಣದಲ್ಲಿ ಬೆಳಗಿನ ಉಪ್ಪಿಟ್ಟನ್ನೋ ಅವಲಕ್ಕಿಯನ್ನೋ, ಒಂದು ಹಿಡಿ ಶೇಂಗಾವನ್ನೋ ತಿಂದರೆ ಹೆಚ್ಚು ಗುಣ ಕಾಣುವರು.

ಖಾನಾವಳಿಯ ತಟ್ಟೆಯಲ್ಲಿ ಬೆಳ್ಳಗಿನ ಅನ್ನವೇ ಹೆಚ್ಚು, ಪಲ್ಯ ಚಮಚೆಯಷ್ಟು. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ತೌಡಿನೊಡನೆ ಬಿ-೧ ಜೀವಸತ್ವವೂ ಹೋಗುತ್ತದೆ. ಅನ್ನವನ್ನು ಶಕ್ತಿಯಾಗಿ ಮಾರ್ಪಡಿಸಲು ಬೇಕಾದುದು ಇದೇ. ಇದರ ಕೊರತೆಯಿಂದ ಬರುವ ಬೆರಿಬೆರಿ ರೋಗದ ವಿಚಾರಣೆಗೆಂದೇ ೧೯೧೮ರಲ್ಲಿ ಕೂನೂರಿನಲ್ಲಿ ಮ್ಯಾಕರಿಸನ್ ಅವರು ಆರಂಭಿಸಿದ ಚಿಕ್ಕ ಸಂಶೋಧನಾಲಯವು ೧೯೫೮ರಲ್ಲಿ ಹೈದರಾಬಾದಿಗೆ ಬಂದು, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದರೆ ಆ ಜೀವಸತ್ವ ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ. ದಕ್ಷಿಣ ಕನ್ನಡದ ಬಂಧುಗಳು ಊರಿನ ಕುಚ್ಚಲಕ್ಕಿಯನ್ನು ಬಿಟ್ಟು ಪಟ್ಟಣದ ಬಿಳಿಯಕ್ಕಿಗೆ ಮರುಳಾಗಿರುವುದು ನಮಗೆ ಅಷ್ಟಾಗಿ ಹಿಡಿಸದು.

ಎಲ್ಲಕ್ಕಿಂತ ದೊಡ್ಡ ಕೊರತೆ ರಕ್ತದ್ದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ, ಗಂಡಸರಲ್ಲಿ ನೂರಕ್ಕೆ ೨೫ ಮಂದಿಗೆ ರಕ್ತಹೀನತೆಯಿದೆ. ದಿನಕ್ಕೆ ಗಂಡಸಿಗೆ ೧೯ ಮಿಲಿಗ್ರಾಂ, ಹೆಂಗಸಿಗೆ ೨೯ ಮಿಲಿಗ್ರಾಂ ಕಬ್ಬಿಣ ಬೇಕೆಂದು ಆ ಪೋಷಣ ಸಂಸ್ಥೆ ೨೦೨೦ರಲ್ಲಿ ಹೇಳಿತು. ಹೆಚ್ಚು ಬೇಕಾದವರು ಹೆಂಗಸರು. ಆದರೆ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವವರೂ ಅವರೇ. ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರು ತಮ್ಮ ಸುಸ್ತನ್ನು ನೋಡಿಕೊಳ್ಳುವಾಗ ಮನೆಯಾಕೆಯ ಮುಖ ಬಿಳಿಚಿದೆಯೇ ಎಂಬುದನ್ನೂ ನೋಡಲಿ.

ಸೊಪ್ಪು, ಕಾಳುಗಳ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಲಿಂಬೆ, ನೆಲ್ಲಿ, ಪೇರಲ ಜೊತೆಗಿದ್ದರೆ ಹತ್ತುತ್ತದೆ. ಚಹಾ ಅದನ್ನು ತಡೆಯುತ್ತದೆ. ಊಟ ಮುಗಿದೊಡನೆ ಕಟಿಂಗ್ ಚಹಾ ಕುಡಿಯುವ ನಮ್ಮ ಅಭ್ಯಾಸ, ಉಂಡ ಸೊಪ್ಪಿನ ಫಲವನ್ನು ಬಹುಮಟ್ಟಿಗೆ ಕಸಿದುಕೊಳ್ಳುತ್ತದೆ. ಚಹಾ ಬಿಡಿರೆಂದರೆ ಯಾರೂ ಕೇಳರು, ನಾವೂ ಬಿಟ್ಟಿಲ್ಲ. ಒಂದು ಗಂಟೆ ತಡೆದು ಕುಡಿದರೆ ಸಾಕು. ಮೊಳಕೆಯೊಡೆದ ಕಾಳಿನ ಉಸಳಿಗೆ ಲಿಂಬೆ ಹಿಂಡಿಕೊಳ್ಳುವುದು ಒಳ್ಳೆಯ ಪದ್ಧತಿ.

ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಲ್ಲಿ ೧೩, ಹೆಂಗಸರಲ್ಲಿ ೧೨ ಗ್ರಾಮಿಗಿಂತ ಕಡಿಮೆಯಿದ್ದರೆ ಬರಿಯ ಆಹಾರ ಸಾಲದೆ ಮಾತ್ರೆ ಬೇಕಾಗಬಹುದು. ಆಗ ಮಾತ್ರೆ ನಿಜವಾದ ಮದ್ದು. ಅದರಿಂದ ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಹದಿನೈದು ದಿನಗಳಲ್ಲಿ ಹುರುಪು ಬಂದಿತೆಂದು ನಿಲ್ಲಿಸಲೂ ಬಾರದು. ಮೈಯ ಉಗ್ರಾಣ ತುಂಬಲು ತಿಂಗಳುಗಳೇ ಬೇಕು. ಗಂಡಸರಿಗೆ ರಕ್ತ ಕಡಿಮೆಯಾಗಿದ್ದರೆ ಅದು ಎಲ್ಲಿ ಸೋರುತ್ತಿದೆಯೆಂದು ವೈದ್ಯರಿಂದ ತಿಳಿಯಬೇಕು. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಕೊಕ್ಕೆಹುಳು ಇದ್ದವರು ಟಾನಿಕ್ ಕುಡಿಯುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆಯೇ ಸರಿ.

ಬಿ-೧೨ ಜೀವಸತ್ವ ಕಾಳು, ಸೊಪ್ಪುಗಳಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಶಾಕಾಹಾರಿಗಳು ಮಜ್ಜಿಗೆಯ ನೀರನ್ನೇ ನೆಚ್ಚಿದರೆ ಸಾಲದು. ಸುಸ್ತಿನೊಡನೆ ಕೈಕಾಲು ಜೋಮು ಹಿಡಿಯುತ್ತಿದ್ದರೆ, ಸಕ್ಕರೆ ಕಾಯಿಲೆಗೆ ಬಹುಕಾಲದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ಇದನ್ನು ಪರೀಕ್ಷಿಸಿಕೊಳ್ಳಬೇಕು. ಇನ್ನು ಡಿ ಜೀವಸತ್ವ: ೬೦,೦೦೦ ಯೂನಿಟ್ಟಿನ ಗುಳಿಗೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಬರೆದುಕೊಡುತ್ತಾರೆ. ತಿಳಿಯದೆ ದಿನಕ್ಕೊಂದರಂತೆ ನುಂಗುತ್ತ ಹೋದರೆ ಮೂತ್ರಪಿಂಡಕ್ಕೇ ಕೇಡು.

ರಕ್ತ ಸರಿಯಿದ್ದು, ಹೊಟ್ಟೆತುಂಬ ಉಂಡು, ನಿದ್ದೆ ಮಾಡಿಯೂ ಸುಸ್ತು ಹೋಗದಿದ್ದರೆ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಜೊತೆಗಿದ್ದರೆ ತಡಮಾಡದೆ ಸರಕಾರಿ ಆಸ್ಪತ್ರೆಗೆ ಹೋಗಿ ಕಫದ ಪರೀಕ್ಷೆ ಮಾಡಿಸಬೇಕು. ಕ್ಷಯದ ಪರೀಕ್ಷೆಗೂ ಔಷಧಕ್ಕೂ ಅಲ್ಲಿ ಹಣ ಕೊಡಬೇಕಾಗಿಲ್ಲ.