ಹಳೇ ಅರ್ಜಿಯ ಫೈಲು ತೆರೀತಿಲ್ವಾ?

ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟ ಅರ್ಗಾದ ಮನೆಯವರೇ, ಪರಿಹಾರಕ್ಕೆಂದು ಹಿಂದೆ ಟೈಪ್ ಮಾಡಿಸಿದ ಅರ್ಜಿ ಈಗ ತೆರೀತಿಲ್ವಾ? ಡಿಲೀಟ್ ಮಾಡಬೇಡಿ!

ಮೊದಲು ಪೆನ್ ಡ್ರೈವ್‌ನಿಂದ ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡಿ. ಏನೇ ಮಾಡಿದರೂ ಕಾಪಿಯ ಮೇಲೆ ಮಾತ್ರ.

ಫೈಲು ತೆರೆದರೂ ಕನ್ನಡದ ಬದಲು ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರ ಕಾಣ್ತಿದೆಯಾ? ಫೈಲು ಕೆಟ್ಟಿಲ್ಲ. ಅದು ಹಳೆಯ ನುಡಿ ಫಾಂಟಿನದ್ದಿರಬಹುದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಳ್ಳಿ. ಕಂಟ್ರೋಲ್ ಎ ಒತ್ತಿ, ಫಾಂಟ್ ಪಟ್ಟಿಯಲ್ಲಿ ‘ನುಡಿ 01 ಇ’ ಆರಿಸಿ. ನೋಡಿ, ಅಜ್ಜನ ಹೆಸರು, ಊರು, ಸರ್ವೆ ನಂಬರಿನ ಸಾಲು ಕನ್ನಡದಲ್ಲೇ ಬಂತು! ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಟ್ಟರೆ ಮೊಬೈಲಿನಲ್ಲೂ ಓದಬಹುದು.

ಫೈಲು ತೆರೆಯೋದೇ ಇಲ್ವಾ? ಹೆಸರಿನ ಕೊನೆ ನೋಡಿ. ‘ಡಾಕ್ಸ್’ ಬಂದಿದ್ದು ವರ್ಡ್ 2007ರಿಂದ. ಹಳೇ ವರ್ಡ್ ಇದ್ದರೆ ಉಚಿತ ಲಿಬ್ರೆ ಆಫೀಸ್‌ನಲ್ಲಿ ತೆರೆಯಿರಿ.

‘ಕರಪ್ಟ್’ ಅಂತ ಬಂದರೆ ವರ್ಡ್‌ನ ಓಪನ್ ಕಿಟಕಿಯಲ್ಲಿ ಫೈಲು ಆರಿಸಿ, ಓಪನ್ ಬಟನ್ ಪಕ್ಕದ ಬಾಣ ಒತ್ತಿ, ‘ಓಪನ್ ಆ್ಯಂಡ್ ರಿಪೇರ್’ ಕೊಡಿ.

ತೆರೆದ ಕೂಡಲೇ ಪಿಡಿಎಫ್ ಮಾಡಿ ಎರಡು ಕಡೆ ಇಡಿ, ಒಂದು ಪ್ರಿಂಟೂ ತೆಗೆಸಿ. ಜಮೀನಿನ ಕಾಗದ ಮಕ್ಕಳ ಕಾಲಕ್ಕೂ ಬೇಕು. ಮನೆಯ ಹಿರಿಯರಿಗೆ ಈ ವಿಡಿಯೋ ಈಗಲೇ ಕಳಿಸಿ.