ಅಧಿಕಮಾಸವೂ ರಾಜಾಜ್ಞೆಯೂ

ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುವುವು. ಸೌರವರ್ಷವಾದರೋ 365 ದಿನಗಳಿಗಿಂತ ತುಸು ಅಧಿಕ. ವರ್ಷಂಪ್ರತಿ ಬೆಳೆಯುವ ಈ ಅಂತರವನ್ನು ತುಂಬುವುದಕ್ಕೆ ಅಧಿಕಮಾಸವು ಏರ್ಪಟ್ಟಿತೆಂಬುದು ವಾಚಕರಿಗೆ ವಿದಿತವೇ ಇದೆ. ಆ ಮಾಸವನ್ನು ಸೇರಿಸುವ ಅಧಿಕಾರವು ಯಾರದೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಪ್ರಾಚೀನ ರೋಮಿನಲ್ಲಿ ವರ್ಷಕ್ಕೆ 355 ದಿನಗಳು. ಕೊರತೆಯನ್ನು ನೀಗುವುದಕ್ಕಾಗಿ ಫೆಬ್ರವರಿಯ ಕಡೆಯ ಭಾಗದಲ್ಲಿ ಒಂದು ಮಾಸವನ್ನು ಸೇರಿಸುತ್ತಿದ್ದರು. ಅದನ್ನು ನಿರ್ಣಯಿಸುವವರು ಪುರೋಹಿತಮಂಡಲಿಯವರು. ಅವರಲ್ಲಿ ಅನೇಕರು ರಾಜಕಾರಣಿಗಳಾಗಿದ್ದುದರಿಂದ, ಬೇಕಾದವರ ಅಧಿಕಾರಾವಧಿಯನ್ನು ಹಿಗ್ಗಿಸುವುದೂ ಬೇಡವಾದವರದನ್ನು ಕುಗ್ಗಿಸುವುದೂ ಅವರ ಕೈಯಲ್ಲಿದ್ದಿತು. ಕ್ರಿ. ಪೂ. 51ರಲ್ಲಿ ಸಿಲಿಷಿಯ ಪ್ರಾಂತ್ಯವನ್ನು ಆಳಲು ಹೋದ ಸಿಸೆರೋ ಪಂಡಿತನು, ಆ ವರ್ಷ ಮಾಸವನ್ನು ಸೇರಿಸದಂತೆ ನೋಡಿಕೊಳ್ಳಬೇಕೆಂದು ತನ್ನ ಮಿತ್ರ ಅಟ್ಟಿಕಸನಿಗೆ ಬರೆದನು. ತಿಂಗಳೊಂದು ಹೆಚ್ಚಿದರೆ ಅವನ ಪರದೇಶವಾಸವೂ ಅಷ್ಟು ಬೆಳೆಯುವುದಷ್ಟೆ! ಕಡೆಗೆ ಜೂಲಿಯಸ್ ಸೀಸರನು ಕ್ರಿ. ಪೂ. 46ನೆಯ ವರ್ಷವನ್ನು 445 ದಿನಗಳವರೆಗೆ ಎಳೆದು ಋತುಗಳನ್ನು ಸ್ವಸ್ಥಾನಕ್ಕೆ ತಂದನು. ಮರುವರ್ಷದಿಂದ ಅಧಿಕಮಾಸವನ್ನೇ ತೆಗೆದುಹಾಕಿ, ನಾಲ್ಕು ವರ್ಷಗಳಿಗೊಂದು ದಿನವನ್ನು ಸೇರಿಸುವಂತೆ ಗೊತ್ತುಮಾಡಿದನು. ಅವನ ಮರಣಾನಂತರ ಪುರೋಹಿತರು ಮೂರು ವರ್ಷಕ್ಕೊಮ್ಮೆ ಸೇರಿಸುತ್ತ ಬಂದರೆಂಬುದೂ ಅದನ್ನು ಆಗಸ್ಟಸನು ತಿದ್ದಬೇಕಾಯಿತೆಂಬುದೂ ನಗೆ ತರಿಸುವ ಸಂಗತಿಗಳು.

ನಮ್ಮ ಶಾಸ್ತ್ರದಲ್ಲಿ ಈ ನಿರ್ಣಯವು ಯಾರ ಇಚ್ಛೆಗೂ ಒಳಪಟ್ಟುದಲ್ಲ. ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಾಂತಿಯು ಬಾರದಿದ್ದರೆ ಆ ಮಾಸವು ಅಧಿಕ. 2020ರಲ್ಲಿ ಸೂರ್ಯನು ಕನ್ಯಾರಾಶಿಯನ್ನು ಪ್ರವೇಶಿಸಿದುದು ಸೆಪ್ಟೆಂಬರ್ 16ರಂದು. ಮಹಾಲಯ ಅಮಾವಾಸ್ಯೆಯು ಮರುದಿನ. ಮುಂದಿನ ಅಮಾವಾಸ್ಯೆಯು ಅಕ್ಟೋಬರ್ 16ರ ರಾತ್ರಿ ಮುಗಿದು ಕೆಲವು ಗಂಟೆಗಳು ಕಳೆದಮೇಲೆ, ದೃಗ್ಗಣಿತದ ಪ್ರಕಾರ, ತುಲಾಸಂಕ್ರಮಣವಾಯಿತು. ಇಷ್ಟು ಸೂಕ್ಷ್ಮವಾದ ಅಂತರದಿಂದ ಆಶ್ವಯುಜವು ಇಮ್ಮಡಿಯಾಗಿ, ಮಹಾಲಯದ ಮರುದಿನವೇ ತೊಡಗಬೇಕಾದ ನವರಾತ್ರಿಯು ಒಂದು ತಿಂಗಳು ಮುಂದೆ ಹೋಯಿತು. ಮಹದೇಶ್ವರನ ಬೆಟ್ಟದ ಯುಗಾದಿ, ದೀಪಾವಳಿ, ಶಿವರಾತ್ರಿಗಳ ಜಾತ್ರೆಗಳು ಈ ಚಾಂದ್ರಗಣನೆಯನ್ನೇ ಅನುಸರಿಸುವುವು. ಬಿಳಿಗಿರಿರಂಗನ ಬೆಟ್ಟದ ಸಂಕ್ರಾಂತಿಯ ಜಾತ್ರೆಯಾದರೋ ಸೌರಗಣನೆಯದು. ಒಂದೇ ಸೀಮೆಯ ಜನರು ಎರಡನ್ನೂ ತೊಡಕಿಲ್ಲದೆ ನಡೆಸಿಕೊಂಡು ಬಂದಿರುವರು.

ಈ ಸೀಮೆಯಲ್ಲಿಯೂ ಕಾಲಗಣನೆಗೆ ಕೈಹಾಕಿದ ಅರಸನೊಬ್ಬನಿದ್ದನು. ಕೊಳ್ಳೇಗಾಲ, ಹನೂರು, ಯಳಂದೂರುಗಳು 1799ರವರೆಗೆ ಟೀಪು ಸುಲ್ತಾನನ ರಾಜ್ಯಕ್ಕೆ ಸೇರಿದ್ದುವು. ಅವನು ಹಿಜರಿ ಶಕವನ್ನು ಬಿಟ್ಟು ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಆಚರಣೆಗೆ ತಂದನು. ತಿಂಗಳುಗಳಿಗೆ ಅಹಮದಿ ಮೊದಲಾದ ಹೊಸ ಹೆಸರುಗಳನ್ನಿಟ್ಟನು. ನಾಣ್ಯಗಳಲ್ಲಿ ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಅರುವತ್ತು ಸಂವತ್ಸರಗಳಿಗೂ ಬೇರೆ ಹೆಸರುಗಳಾದುವು. ಇಷ್ಟೆಲ್ಲ ಮಾಡಿದವನು ವರ್ಷಾರಂಭವನ್ನು ಯುಗಾದಿಗೇ ಇಟ್ಟುಕೊಂಡನು. ಅಧಿಕಮಾಸದ ಪದ್ಧತಿಯನ್ನೂ ಉಳಿಸಿಕೊಂಡನು. ಬೆಳೆಯೂ ಕಂದಾಯವೂ ಋತುವನ್ನು ಅನುಸರಿಸುವುದರಿಂದ, ಋತುಗಳೊಡನೆ ಹೊಂದದ ಶುದ್ಧಚಾಂದ್ರವಾದ ಹಿಜರಿ ವರ್ಷವು ರಾಜ್ಯಾಡಳಿತಕ್ಕೆ ಒದಗದು. ಸೀಸರನು ಕಿತ್ತುಹಾಕಿದುದನ್ನು ಟೀಪುವು ಹೆಸರು ಬದಲಾಯಿಸಿ ಇಟ್ಟುಕೊಂಡನೆನ್ನಬಹುದು.

ಸಂಶೋಧಕರಿಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಆ ಕಾಲದ ಒಂದು ಕಾಗದದಲ್ಲಿಯೋ ನಾಣ್ಯದಲ್ಲಿಯೋ 1215 ಎಂದಿದ್ದರೆ, ಅದನ್ನು ಹಿಜರಿಯೆಂದು ಎಣಿಸಿದವರಿಗೆ ಕ್ರಿ. ಶ. 1800-01 ದೊರೆಯುವುದು, ಟೀಪುವು ಮಡಿದುದು 1799ರ ಮೇ 4ರಂದು! ಮೌಲೂದಿಯೆಂದು ಗ್ರಹಿಸಿದರೆ 1787 ಬಂದು ಎಲ್ಲವೂ ಸರಿಹೊಂದುವುದು. ತಿಂಗಳನ್ನು ನಿಶ್ಚಯಿಸುವಾಗಲೂ ಹಿಜರಿ ಕೋಷ್ಟಕವು ನಿರುಪಯೋಗಿ; ಆ ವರ್ಷದಲ್ಲಿ ಅಧಿಕಮಾಸವಿದ್ದಿತೇ, ಇದ್ದರೆ ಯಾವುದು ಎಂಬುದನ್ನು ಪಂಚಾಂಗಗಣಿತದಿಂದ ಮೊದಲು ಶೋಧಿಸತಕ್ಕದ್ದು. 1799ರ ತರುವಾಯ ಯಳಂದೂರು ಮೈಸೂರಿನಲ್ಲಿಯೂ ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೂ ಇದ್ದುವಾದುದರಿಂದ, ನೆರೆಹೊರೆಯ ಈ ಎರಡು ಊರುಗಳ ದಫ್ತರಗಳನ್ನು ಹೋಲಿಸುವವರು ಯಾವ ಕಾಗದದಲ್ಲಿ ಯಾವ ಗಣನೆಯಿದೆಯೆಂಬುದನ್ನು ಪ್ರತಿಯೊಂದರಲ್ಲಿಯೂ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.