ಅಚ್ಚಾದ ಲೇಖನ ಯಾರ ಸ್ವತ್ತು?

ವಾರಪತ್ರಿಕೆಗೆ ಕಥೆ ಕಳುಹಿಸುವವರು ಹಿಂದೆಲ್ಲ ಅದರ ಜೊತೆಗೆ ಅಂಚೆಚೀಟಿ ಹಚ್ಚಿ ಸ್ವವಿಳಾಸ ಬರೆದ ಲಕೋಟೆಯನ್ನೂ ಇಡುತ್ತಿದ್ದರು. ಅದು ಮರಳಿದರೆ ಒಳಗೊಂದು ವಿಷಾದಪತ್ರ, ಮರಳದಿದ್ದರೆ ಆಸೆ. ಈಗ ಲಕೋಟೆಯ ಜಾಗಕ್ಕೆ ಇ-ಮೇಲ್ ಬಂದಿದೆ. ಆದರೆ ಕಥೆ ಅಚ್ಚಾಗಿ ಸಂಭಾವನೆ ಕೈಸೇರಿದ ಮೇಲೆ ಅದು ಪತ್ರಿಕೆಯ ಸ್ವತ್ತಾಯಿತು ಎಂಬ ತಪ್ಪು ತಿಳಿವಳಿಕೆ ಮಾತ್ರ ಹಾಗೆಯೇ ಉಳಿದಿದೆ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಬರೆದವರೇ ಕೃತಿಯ ಮೊದಲ ಒಡೆಯರು. ಇದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಲೇಖನ ಕಳುಹಿಸುವುದೆಂದರೆ ಪ್ರಕಟಣೆಗೆ ಅನುಮತಿ ಕೊಟ್ಟಂತೆ, ಅಷ್ಟೆ. ಸ್ವಾಮ್ಯವನ್ನೇ ವರ್ಗಾಯಿಸಬೇಕಾದರೆ ಅದು ಬರವಣಿಗೆಯಲ್ಲಿ, ಸಹಿಯೊಡನೆ ಆಗಬೇಕು ಎನ್ನುತ್ತದೆ 19ನೇ ಕಲಮು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಅರ್ಥ. 'ಸ್ವಂತ ರಚನೆ, ಬೇರೆಲ್ಲೂ ಪ್ರಕಟವಾಗಿಲ್ಲ' ಎಂದು ಪತ್ರಿಕೆಗಳು ಕೇಳುವ ದೃಢೀಕರಣವು ಮೊದಲ ಪ್ರಕಟಣೆಯ ಭರವಸೆಯೇ ಹೊರತು ಕ್ರಯಪತ್ರವಲ್ಲ.

ಪತ್ರಿಕೆಯ ಸಂಬಳದ ಮೇಲೆ ಬರೆಯುವವರ ಸ್ಥಿತಿ ಕೊಂಚ ಬೇರೆ. ಒಪ್ಪಂದ ಬೇರೇನೂ ಹೇಳದಿದ್ದರೆ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಅದನ್ನೇ ಪುಸ್ತಕ ಮಾಡುವ ಹಕ್ಕು ಅವರಲ್ಲೂ ಬರೆದವರದೇ.

ಕನ್ನಡದ ಎಷ್ಟೋ ಕಾದಂಬರಿಗಳು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಮುಗಿದು, ಪುಸ್ತಕವಾಗಿ, ಆಮೇಲೆ ಚಲನಚಿತ್ರವಾಗಿ ಬಂದವು. ಧಾರಾವಾಹಿ, ಪುಸ್ತಕ, ಚಿತ್ರ: ಮೂರೂ ಪ್ರತ್ಯೇಕ ಹಕ್ಕುಗಳು, ಮೂರಕ್ಕೂ ಪ್ರತ್ಯೇಕ ಸಂಭಾವನೆ ಕೇಳಬಹುದು. 'ಸರ್ವ ಹಕ್ಕುಗಳೂ' ಎಂಬ ಎರಡು ಪದಗಳ ಕೆಳಗೆ ಸಹಿ ಹಾಕಿದರೆ ಮೂರೂ ಒಟ್ಟಿಗೆ ಕೈಬಿಡುತ್ತವೆ.

ಹಾಗೆ ಬರೆದುಕೊಟ್ಟ ಮೇಲೂ ಒಂದು ಹಕ್ಕು ಉಳಿಯುತ್ತದೆ. ಹಿಂದಿ ಲೇಖಕಿ ಮನ್ನೂ ಭಂಡಾರಿಯವರ 'ಆಪ್ ಕಾ ಬಂಟಿ' ಕಾದಂಬರಿಯ ಚಿತ್ರದ ಹಕ್ಕನ್ನು ಪಡೆದವರು ಕಥೆಯನ್ನು ತಿರುಚಿದ್ದಾರೆಂದು ಲೇಖಕಿ ನ್ಯಾಯಾಲಯಕ್ಕೆ ಹೋದರು. ಹಕ್ಕು ಮಾರಿದ ಮೇಲೆ ಮಾತಾಡುವಂತಿಲ್ಲ ಎಂಬ ವಾದವನ್ನು ದೆಹಲಿ ಹೈಕೋರ್ಟು 1986ರಲ್ಲಿ ಒಪ್ಪಲಿಲ್ಲ. ಕೃತಿಯನ್ನು ವಿರೂಪಗೊಳಿಸಿದರೆ ಪ್ರತಿಭಟಿಸಲು 57ನೇ ಕಲಮಿನಡಿ ಲೇಖಕರಿಗೆ ಅಧಿಕಾರವಿದೆ ಎಂದಿತು. ಆ ವಿರೂಪ ಲೇಖಕರ ಗೌರವಕ್ಕೆ ಕುಂದು ತರುವಂತಿರಬೇಕು ಎಂಬ ಷರತ್ತನ್ನು 1994ರ ತಿದ್ದುಪಡಿ ಸೇರಿಸಿತು.

ಲೇಖಕರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಸ್ವಾಮ್ಯ ಅವರ ವಾರಸುದಾರರದು. ಅಪ್ಪನ ಕಥೆಯನ್ನು ಸಂಕಲನಕ್ಕೆ ಸೇರಿಸಲು ಯಾರಾದರೂ ಕೇಳಿಕೊಂಡು ಬಂದಾಗ, ಆತ ಎಂದೋ ಸಹಿ ಹಾಕಿದ ಕಾಗದಕ್ಕಾಗಿ ಮನೆಯವರು ಟ್ರಂಕು ಹುಡುಕುವ ಪರಿಸ್ಥಿತಿ ಬರುತ್ತದೆ. ಒಪ್ಪಂದದ ಒಂದು ಪ್ರತಿಯನ್ನು ಕೈಬರಹದ ಪ್ರತಿಯ ಜೊತೆಗೇ ಇಟ್ಟಿರುವುದು ಕ್ಷೇಮ.